ಗುರುವಾರದ ಹೊಟ್ಟೆನೋವು

ಗುರುವಾರ ಬಂತು. ತಿನ್ನಾಳಿಗೆ ಮತ್ತೆ ಹೊಟ್ಟೆನೋವೂ ಬಂತು.

ಕೊಲ್ಬೇನ್ ಮಗಳ ಕೋಣೆಯ ಬಾಗಿಲಲ್ಲಿ ನಿಂತ. ಹನ್ನೊಂದು ದಾಟಿದ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಜ್ವರ ಇದೆಯಾ?"

"ಇಲ್ಲ."

"ವಾಂತಿ?"

"ಇಲ್ಲ ಅಪ್ಪಾ. ಶಾಲೆಗೆ ಹೋಗ್ತೀನಿ. ಈಜೋಕೆ ಮಾತ್ರ ಆಗಲ್ಲ ಅಂತ ಮೇಷ್ಟ್ರಿಗೆ ಹೇಳ್ಬಿಡು."

ಸೋಮವಾರ ಇಲ್ಲದ ನೋವು, ಬುಧವಾರ ಇಲ್ಲದ ನೋವು, ಈಜಿನ ತರಗತಿ ಇರುವ ಗುರುವಾರವೇ ಯಾಕೆ ಬರುತ್ತದೆ? ಅವಳ ಹೊಟ್ಟೆಯಲ್ಲಿ ಏನಾದರೂ ಕೆಟ್ಟದ್ದು ಬೆಳೆಯುತ್ತಿದೆಯಾ? ಅಥವಾ ಕೊಳದ ಹತ್ತಿರ ಯಾರಾದರೂ ಅವಳಿಗೆ ಏನಾದರೂ ಮಾಡಿದ್ದಾರಾ? ಕೊಲ್ಬೇನ್ ಮಗಳನ್ನು ಒಬ್ಬನೇ ಬೆಳೆಸುತ್ತಿದ್ದ. ತಿನ್ನಾಳ ತಾಯಿ ಬೇರೆ ಸಂಸಾರ ಕಟ್ಟಿಕೊಂಡು ನಾರ್ವೆಯಲ್ಲಿದ್ದಳು. ಮೇಲಿನ ಮಹಡಿಯಲ್ಲಿ ಅವನ ತಾಯಿ ಅಲ್ದೀಸ್ ಇದ್ದಳು. ಅವಳನ್ನು ಕೇಳಿದರೆ, "ಬಲವಂತ ಮಾಡಬೇಡ, ಮಗು ಮಲಗಲಿ" ಎಂದಷ್ಟೇ ಹೇಳಿ ಹೆಣಿಗೆಗೆ ತಲೆ ಬಗ್ಗಿಸುತ್ತಿದ್ದಳು.

ಮಧ್ಯಾಹ್ನ ಈಜು ಮೇಷ್ಟ್ರು ಓರ್ವಾರ್ ಫೋನ್ ಮಾಡಿದ. "ಕೊಲ್ಬೇನ್, ಹೀಗೇ ತಪ್ಪಿಸ್ತಾ ಹೋದ್ರೆ ಹೇಗೆ? ತಿಂಗಳ ಕೊನೆಗೆ ಪರೀಕ್ಷೆ. ಒಳ್ಳೇ ಈಜುಗಾರ್ತಿ ಅವಳು. ನೀರಿಗೇ ಇಳಿಯದಿದ್ರೆ ನಾನು ಹೇಗೆ ಪಾಸು ಮಾಡ್ಲಿ?"

ಐಸ್‌ಲ್ಯಾಂಡಿನಲ್ಲಿ ಎಲ್ಲ ಮಕ್ಕಳೂ ಶಾಲೆಯಲ್ಲಿ ಈಜು ಕಲಿಯಲೇಬೇಕು. ಸೆಲ್‌ವಿಕ್‌ನಂಥ ಮೀನುಗಾರರ ಊರಿನಲ್ಲಿ ಅದು ಬರೀ ಪಾಠವಲ್ಲ. ಕೊಲ್ಬೇನ್‌ನ ಅಪ್ಪ ದೋಣಿಗೂ ಅದನ್ನು ಕಟ್ಟುವ ದಕ್ಕೆಗೂ ನಡುವೆ ಜಾರಿ ಬಿದ್ದು, ಈಜು ಬಾರದೆ, ನೋಡನೋಡುತ್ತಲೇ ಹೋಗಿಬಿಟ್ಟಿದ್ದ. ಅದಕ್ಕೇ ಕೊಲ್ಬೇನ್ ಒಂದು ಕಟ್ಟುಪಾಡು ಮಾಡಿಕೊಂಡಿದ್ದ: ಶಾಲೆಯ ಈಜು ಪರೀಕ್ಷೆ ಮುಗಿಸದವರು ತನ್ನ ದೋಣಿ ಹತ್ತುವಂತಿಲ್ಲ. ಈ ಬೇಸಿಗೆಯಲ್ಲಿ ಅಪ್ಪನ ಜೊತೆ ಕಾಡ್ ಮೀನು ಹಿಡಿಯಲು ಹೋಗುವುದೆಂದು ತಿನ್ನಾ ಚಳಿಗಾಲದಿಂದ ಕನಸು ಕಟ್ಟಿದ್ದಳು. ಅಡುಗೆಮನೆಯ ಕುರ್ಚಿಗಳ ಕಾಲಿಗೆಲ್ಲ ಹಗ್ಗದ ಗಂಟು ಹಾಕಿ ಕಲಿತಿದ್ದಳು. ಅಂಥವಳು ನೀರು ಬೇಡ ಅನ್ನುತ್ತಿದ್ದಾಳೆ ಅಂದರೆ ಏನೋ ದೊಡ್ಡದೇ ಆಗಿರಬೇಕು.

ಈ ಹೆದರಿಕೆಯಲ್ಲೇ ಕೊಲ್ಬೇನ್ ಆ ತಪ್ಪು ಮಾಡಿದ.

ಸೆಲ್‌ವಿಕ್‌ನ ಸುದ್ದಿಯೆಲ್ಲ ಹುಟ್ಟುವುದು ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ. ಬೆಳಗ್ಗೆ ಊರಿಗೆ ಊರೇ ಅಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿರುತ್ತದೆ. ಮರುದಿನ ಕೊಲ್ಬೇನ್ ಅಲ್ಲಿ ಕೂತು, ತಡೆಯಲಾರದೆ, ಮಗಳ ಹೊಟ್ಟೆನೋವಿನ ಮಾತು ತೆಗೆದ.

"ಕರುಳುಬಾಲ, ಅಪೆಂಡಿಕ್ಸು ಕಣಯ್ಯಾ!" ಎಂದ ಮುದಿ ಕಪ್ತಾನ ಗ್ರೀಮುರ್. "ನನಗೂ ಹೀಗೇ ಶುರುವಾಗಿತ್ತು. ಹಡಗಿನ ಅಡುಗೆಯವನೇ ಚಾಕು ಹಿಡ್ಕೊಂಡು ಬಂದ್ಬಿಟ್ಟಿದ್ದ."

"ನಿನ್ನ ಕರುಳಿನ ಕಥೆ ಸಾಕು ಮಾರಾಯ," ಎಂದಳು ಅಂಚೆ ಕಚೇರಿಯ ಹೆಂಗಸು. "ಶಾಲೇಲಿ ಯಾರೋ ಕಾಟ ಕೊಡ್ತಿರಬೇಕು."

"ಹಾಲು ಬಿಡಿಸು. ನನ್ನ ಮೊಮ್ಮಗನಿಗೂ ಹಾಲೇ ಆಗ್ತಿರಲಿಲ್ಲ," ಎಂದರು ಇನ್ಯಾರೋ.

ತೊಟ್ಟಿಯ ಮೂಲೆಯಲ್ಲಿ ಶಾಲೆಯ ನರ್ಸ್ ಉನ್ನೂರ್ ಕಣ್ಣು ಮುಚ್ಚಿ ಕೂತಿದ್ದಳು. ಕೊಲ್ಬೇನ್ ಬಟ್ಟೆ ಹಾಕಿಕೊಂಡು ಹೊರಗೆ ಬಂದಾಗ ಬಾಗಿಲ ಬಳಿ ಅಡ್ಡ ನಿಂತಿದ್ದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

"ಲೋ, ಬುದ್ಧಿ ಇದೆಯೇನೋ ನಿಂಗೆ? ಮಗಳ ಹೊಟ್ಟೆ ವಿಷಯ ತೊಟ್ಟಿಯಲ್ಲಿ ಹೇಳ್ಕೊಂಡು ಕೂತಿದೀಯಲ್ಲ!"

"ಹೆದರಿಕೆ ಆಯ್ತು ಕಣೇ. ಇನ್ಯಾರನ್ನ ಕೇಳ್ಲಿ?"

"ಅವಳನ್ನೇ ಕೇಳು. ಮುಟ್ಟಾಗಿದೀಯಾ ಪುಟ್ಟಾ ಅಂತ ಕೇಳಿದೀಯಾ?"

"ಅವಳಿನ್ನೂ ಮಗು."

"ಮಗುವೇ. ಈ ವಯಸ್ಸಿನ ಮಕ್ಕಳಿಗೇ ಅದು ಶುರುವಾಗೋದು. ಆಗಿದೆ ಅಂತ ನಾನು ಹೇಳ್ತಿಲ್ಲ, ನಂಗೂ ಗೊತ್ತಿಲ್ಲ. ಕೇಳು ಅಂತಿದೀನಿ. ಮೆತ್ತಗೆ."

ಅವನು ಕೇಳುವುದಕ್ಕೆ ಮೊದಲೇ ತೊಟ್ಟಿಯ ಮಾತು ಶಾಲೆ ಮುಟ್ಟಿತ್ತು. ಸಂಜೆ ತಿನ್ನಾ ಚೀಲ ಎಸೆದಳು. "ನನ್ನ ಹೊಟ್ಟೆ ಬಗ್ಗೆ ಊರಿಗೆಲ್ಲ ಹೇಳಿದ್ಯಾ? ಕ್ಲಾಸಲ್ಲಿ ಎಲ್ಲರೂ ಹಾಲು ಕುಡಿಬೇಡ, ಹಾಲು ಕುಡಿಬೇಡ ಅಂತ ಆಡ್ಕೊಂಡ್ರು!" ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಕೊಲ್ಬೇನ್ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಆಲೂಗಡ್ಡೆ ಹಾಕಿ ಬೇಯಿಸಿದ ಮೀನು ಒಲೆಯ ಮೇಲೆ ತಣ್ಣಗಾಯಿತು.

"ತಪ್ಪಾಯ್ತು ತಿನ್ನಾ," ಎಂದ ಕೊನೆಗೆ. "ಮೊದಲು ನಿನ್ನನ್ನೇ ಕೇಳಬೇಕಿತ್ತು. ಈಗ ಕೇಳ್ತೀನಿ. ಮುಟ್ಟು ಶುರುವಾಗಿದೆಯಾ? ಹೇಳೋದು ಬೇಡ ಅಂದ್ರೆ ಬೇಡ. ನಾನಂತೂ ಇಲ್ಲೇ ಕೂತಿರ್ತೀನಿ."

ಬಾಗಿಲ ಆಚೆಯಿಂದ, ನೆಲದ ಹತ್ತಿರದಿಂದಲೇ, ದನಿ ಬಂತು. ಅವಳೂ ಅಲ್ಲೇ ಕೂತಿದ್ದಳು.

"ಅಜ್ಜಿಗೆ ಗೊತ್ತು. ನಿಂಗೆ ಹೇಳಬಾರದು ಅಂದ್ಲು."

"ಯಾವಾಗಿಂದ?"

"ಕ್ರಿಸ್‌ಮಸ್ ಆದ್ಮೇಲೆ. ಅದು ಯಾವಾಗ ಬರುತ್ತೆ ಅಂತಾನೇ ಗೊತ್ತಾಗಲ್ಲ ಅಪ್ಪಾ. ಒಂದ್ಸಲ ಬೇಗ ಬರುತ್ತೆ, ಒಂದ್ಸಲ ಬರೋದೇ ಇಲ್ಲ. ಈಜೋ ಹೊತ್ತಿಗೇ ಬಂದ್ಬಿಟ್ರೆ? ಹುಡುಗರೆಲ್ಲ ಇರ್ತಾರೆ. ನೀರು ಕೆಂಪಾದ್ರೆ?" ಮಾತು ಒಮ್ಮೆಲೇ ಕಟ್ಟೆಯೊಡೆಯಿತು. "ಅದಕ್ಕೂ ಮೊದಲು ಎಲ್ಲರೆದುರೂ ಬರೀ ಮೈಯಲ್ಲಿ ಸೋಪು ಹಚ್ಚಿ ಮೀಯಬೇಕು. ಸ್ನಾನದ ಮನೆ ನೋಡ್ಕೊಳ್ಳೋ ಹೆಂಗಸು, ಸರಿಯಾಗಿ ಮಿಂದ್ವಾ ಅಂತ ನೋಡ್ತಾ ನಿಂತಿರ್ತಾಳೆ. ಪ್ಯಾಡ್ ಎಲ್ಲಿ ಬಚ್ಚಿಡ್ಲಿ? ಅಜ್ಜಿ ಹೇಳ್ತಾಳೆ, ಆ ದಿನ ನೀರಿಗಿಳಿದ್ರೆ ಹೊಟ್ಟೆಗೆ ಶೀತ ಇಳಿದು ಮುಂದೆ ಮಕ್ಕಳೇ ಆಗಲ್ವಂತೆ. ನಿಜವಾ?"

ಕೊಳಕ್ಕೆ ಇಳಿಯುವ ಮುನ್ನ ಬಟ್ಟೆಯೆಲ್ಲ ಕಳಚಿ, ಹೆಂಗಸರು ಹೆಂಗಸರ ಕೋಣೆಯಲ್ಲಿ, ಗಂಡಸರು ಗಂಡಸರ ಕೋಣೆಯಲ್ಲಿ ಒಟ್ಟಿಗೇ ಮೀಯುವುದು ಆ ದೇಶದ ರೂಢಿ. ಕೊಲ್ಬೇನ್ ಅದನ್ನು ಹುಟ್ಟಿದಾಗಿನಿಂದ ನೋಡಿದವನು. ಅದರಲ್ಲಿ ಒಂದು ಹುಡುಗಿಗೆ ಇಷ್ಟು ದಿಗಿಲು ಕಾದಿರಬಹುದೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ನಂಗೆ ಗೊತ್ತಿಲ್ಲ ಮಗಳೇ," ಎಂದ. "ಗೊತ್ತಿರೋರನ್ನ ಕರೆಸ್ಲಾ? ನೀನು ಹೂಂ ಅಂದ್ರೆ ಮಾತ್ರ."

"…ಉನ್ನೂರ್ ಆದ್ರೆ ಸರಿ."

ಮರುದಿನ ಉನ್ನೂರ್ ಬಂದಳು. ಮೇಲಿನಿಂದ ಅಲ್ದೀಸ್ ಅಜ್ಜಿಯೂ ಇಳಿದು ಬಂದು, ಕಾಫಿಯ ಮುಂದೆ ತುಟಿ ಬಿಗಿದು ಕೂತಳು.

"ನಮ್ಮ ಕಾಲದಲ್ಲಿ ಆ ದಿನ ನೀರು ಮುಟ್ತಿರಲಿಲ್ಲ," ಎಂದಳು. "ಶೀತ ಅಂದ್ರೆ ಶೀತವೇ."

"ಯಾವ ಶೀತ, ಅಲ್ದೀಸ್? ನಮ್ಮ ಕೊಳದ ನೀರು ನೆಲದಿಂದಲೇ ಬಿಸಿಯಾಗಿ ಬರುತ್ತೆ. ತಣ್ಣೀರಾದ್ರೂ ಗರ್ಭಕೋಶಕ್ಕೆ ಏನೂ ಆಗಲ್ಲ. ಮುಟ್ಟಿನಲ್ಲಿ ಈಜಿದ್ರೆ ಮಕ್ಕಳಾಗಲ್ಲ ಅನ್ನೋದು ಬರೀ ಸುಳ್ಳು. ಕೈಕಾಲು ಆಡಿಸಿದ್ರೆ ಎಷ್ಟೋ ಹುಡುಗಿಯರಿಗೆ ನೋವು ಕಡಿಮೆಯೇ ಆಗುತ್ತೆ." ಉನ್ನೂರ್ ತಿನ್ನಾಳ ಕಡೆ ತಿರುಗಿದಳು. "ಮೊದಲ ಒಂದೆರಡು ವರ್ಷ ಅದು ಹೇಳಿದ ಹೊತ್ತಿಗೆ ಬರಲ್ಲ ಪುಟ್ಟಾ. ನಿನ್ನಲ್ಲೇನೂ ಕೆಟ್ಟಿಲ್ಲ."

"ಪ್ಯಾಡ್ ಹಾಕ್ಕೊಂಡೇ ಈಜಬಹುದಾ?"

"ಬೇಡ. ಅದು ಕೊಳದ ನೀರನ್ನೆಲ್ಲ ಕುಡಿದು ದಿಂಬಿನ ಹಾಗೆ ಉಬ್ಬಿಬಿಡುತ್ತೆ." ತಿನ್ನಾ ಮೊದಲ ಸಲ ನಕ್ಕಳು. ಉನ್ನೂರ್ ಚೀಲದಿಂದ ಒಂದು ಕಪ್ಪು ಈಜುಡುಗೆ ತೆಗೆದಳು. "ಇದು ಮುಟ್ಟಿನ ದಿನಕ್ಕೇ ಮಾಡಿದ್ದು. ಒಳಗಡೆ ಹೀರೋ ಪದರ ಇದೆ. ಕಡಿಮೆ ಹೋಗೋ ದಿನಕ್ಕೆ, 'ಬಂದ್ರೂ ಬರಬಹುದು' ಅನ್ನೋ ದಿನಕ್ಕೆ ಇದು ಸಾಕು. ಆಮೇಲೆ ತಣ್ಣೀರಲ್ಲಿ ಜಾಲಿಸಿ ಒಗೆದ್ರಾಯ್ತು. ಜಾಸ್ತಿ ಹೋಗೋ ದಿನ ಟ್ಯಾಂಪನ್, ಅಂದ್ರೆ ಮೈಯೊಳಗೇ ಇಡೋ ಹತ್ತಿಯ ಸಣ್ಣ ಸುರುಳಿ, ಇಟ್ಕೋಬಹುದು."

"ಈ ವಯಸ್ಸಿಗಾ!" ಅಜ್ಜಿ ಬಟ್ಟಲನ್ನು ಕುಟ್ಟಿ ಇಟ್ಟಳು.

"ಮುಟ್ಟಾಗೋ ಯಾವ ಹುಡುಗಿಯಾದ್ರೂ ಇಟ್ಕೋಬಹುದು. ಅವಳಿಗೆ ಇಷ್ಟ ಇದ್ರೆ ಮಾತ್ರ, ಯಾರೂ ಬಲವಂತ ಮಾಡೋ ಹಾಗಿಲ್ಲ. ಸಣ್ಣ ಅಳತೆಯದ್ದು ತಗೊಂಡು, ಕೈ ತೊಳೆದು, ಮೊದಲು ಮನೇಲಿ ನಿಧಾನವಾಗಿ ಇಟ್ಟು ನೋಡಬೇಕು. ನಾಲ್ಕರಿಂದ ಎಂಟು ಗಂಟೆಯೊಳಗೆ ಮರೀದೆ ತೆಗೀಬೇಕು. ಜ್ವರ, ವಾಂತಿ, ತಲೆಸುತ್ತು ಬಂತೋ, ತೆಗೆದು ತಕ್ಷಣ ಡಾಕ್ಟರ ಹತ್ರ ಹೋಗಬೇಕು. ಮುಟ್ಟಿನ ನೋವು ಶಾಲೆಗೇ ಹೋಗೋಕಾಗದಷ್ಟು ಇದ್ರೂ ಡಾಕ್ಟರಿಗೆ ತೋರಿಸಬೇಕು, ಹಲ್ಲು ಕಚ್ಚಿ ಕೂರಬಾರದು."

"ಮತ್ತೆ ಸ್ನಾನ?" ತಿನ್ನಾಳ ದನಿ ಇಳಿಯಿತು.

"ಪರದೆ ಹಾಕಿದ ಕೋಣೆ ಒಂದಿದೆ. ಯಾಕೆ ಅಂತ ಯಾರೂ ಕೇಳಲ್ಲ. ನಾನು ಸ್ನಾನದ ಮನೆಯವರಿಗೆ ಹೇಳಿಡ್ತೀನಿ. ಮಧ್ಯದಲ್ಲಿ ಶೌಚಾಲಯಕ್ಕೆ ಹೋಗಬೇಕು ಅನ್ನಿಸಿದ್ರೆ ಹೋಗಿ ಬಾ. ಓರ್ವಾರ್‌ಗೂ ಅಷ್ಟು ಹೇಳಿಡ್ಲಾ?"

ತಿನ್ನಾ ಅಪ್ಪನ ಮುಖ ನೋಡಿ, ಹೂಂ ಎಂದು ತಲೆಯಾಡಿಸಿದಳು.

ಅಜ್ಜಿ ಮಾತ್ರ ಒಪ್ಪಲಿಲ್ಲ. "ಈ ವರ್ಷ ಪಾಸಾಗದಿದ್ರೆ ಏನು ಮುಳುಗಿಹೋಗುತ್ತೆ?" ಎಂದಳು.

ಕೊಲ್ಬೇನ್ ತಾಳ್ಮೆ ಕಳೆದುಕೊಂಡ. "ಅಮ್ಮಾ, ಅಪ್ಪ ಮುಳುಗಿಹೋದ ಮೇಲೂ ಈ ಮನೇಲಿ ನೀನು ಆ ಮಾತು ಕೇಳ್ತೀಯಾ?"

ಅಜ್ಜಿ ಕಾಫಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಈಜಲ್ಲಿ ಪಾಸಾದ್ರೆ ನೀನು ಇವಳನ್ನ ದೋಣಿಗೆ ಕರ್ಕೊಂಡು ಹೋಗ್ತೀಯ," ಎಂದಳು. "ನಿಮ್ಮಪ್ಪನ್ನ ಕಳಿಸಿ ಕಿಟಕೀಲಿ ಕಾದೆ. ನಿನ್ನ ಕಳಿಸಿ ದಿನಾ ಕಾಯ್ತೀನಿ. ಇವಳಿಗೂ ಕಾಯೋ ಶಕ್ತಿ ನಂಗಿಲ್ಲ ಕಣೋ. ಶೀತದ ಮಾತು ನಮ್ಮಮ್ಮ ಹೇಳಿದ್ದು. ಅದು ನನ್ನ ಕೆಲಸಕ್ಕೆ ಬಂತು."

ತಿನ್ನಾ ಎದ್ದು ಹೋಗಿ ಅಜ್ಜಿಗೆ ಒರಗಿ ನಿಂತಳು. "ಅಜ್ಜೀ, ದಕ್ಕೆ ನಮ್ಮ ಶಾಲೆ ದಾರೀಲೇ ಇದೆ. ನಾನು ದೋಣಿ ಹತ್ತದಿದ್ರೂ ದಿನಾ ನೀರಿನ ಪಕ್ಕದಲ್ಲೇ ನಡೀತೀನಲ್ಲ, ಜಾರಿದ್ರೆ ಈಜು ಬೇಕಲ್ವಾ?"

ಅಜ್ಜಿ ಆ ಕಪ್ಪು ಈಜುಡುಗೆಯನ್ನು ಎಳೆದುಕೊಂಡು, ಒಳಗಿನ ಪದರವನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಹೊಲಿಗೆ ಗಟ್ಟಿಯಾಗಿದೆ," ಎಂದಳು.

ಭಾನುವಾರ ಸಂಜೆ, ಕೊಳದಲ್ಲಿ ಜನ ಕಡಿಮೆ ಇರುವಾಗ, ಹೊಸ ಈಜುಡುಗೆ ಹಾಕಿ ಈಜಿ ನೋಡಲೆಂದು ಅಜ್ಜಿಯೇ ತಿನ್ನಾಳ ಜೊತೆ ಹೆಂಗಸರ ಕೋಣೆಗೆ ಹೋಗಿ ಪರದೆಯ ಹೊರಗೆ ಕಾವಲು ನಿಂತಳು. ಕೊಲ್ಬೇನ್ ಆ ಬಾಗಿಲಿನ ಆಚೆ ಹೋಗುವಂತಿರಲಿಲ್ಲ. ಗಂಡಸು ಮಾಡಬಹುದಾದದ್ದನ್ನು ಅವನು ಮಾಡಿದ: ಔಷಧಿ ಅಂಗಡಿಗೆ ಹೋಗಿ, ಕಿವಿ ಕೆಂಪಾದರೂ, ಪ್ಯಾಡು, ಸಣ್ಣ ಅಳತೆಯ ಟ್ಯಾಂಪನ್, ಇನ್ನೊಂದು ಈಜುಡುಗೆ ಕೇಳಿ ತಂದ. ತೊಟ್ಟಿಯಲ್ಲಿ ಗ್ರೀಮುರ್ "ಕರುಳು ಹೇಗಿದೆಯಯ್ಯಾ?" ಎಂದು ಕೇಳಿದಾಗ, "ಅದು ನನ್ನ ಮಗಳ ವಿಷಯ, ಬಿಡು," ಎಂದು ಬಾಯಿ ಮುಚ್ಚಿಸಿದ.

ಪರೀಕ್ಷೆಯ ಗುರುವಾರವೇ ಮುಟ್ಟು ಬಂತು. ಬೆಳಗ್ಗೆ ತಿನ್ನಾಳ ಮುಖ ಬಿಳಿಚಿತ್ತು. "ಬೇಡ ಅನ್ನಿಸಿದ್ರೆ ಬೇಡ," ಎಂದ ಅಪ್ಪ. "ಓರ್ವಾರ್ ಇನ್ನೊಂದು ದಿನ ಪರೀಕ್ಷೆ ಮಾಡ್ತಾನಂತೆ."

"ಹೋಗ್ತೀನಿ," ಎಂದಳು. ಸ್ಕಿರ್ ಮೊಸರಿನ ಬಟ್ಟಲನ್ನು ಮುಟ್ಟದೆ ಎದ್ದಳು.

ಕೊಲ್ಬೇನ್ ಅಂದು ಕಡಲಿಗೆ ಹೋಗಲಿಲ್ಲ. ಕೊಳದ ಗಾಜಿನ ಗೋಡೆಯ ಆಚೆ, ಟೋಪಿ ಹಿಂಡುತ್ತ ನಿಂತ. ಮಕ್ಕಳು ನೀರಿಗೆ ಧುಮುಕಿದರು. ತಿನ್ನಾ ಹೋದಳು, ಬಂದಳು, ಮತ್ತೆ ಹೋದಳು. ನಡುವೆ ತಟ್ಟನೆ ಅಂಚು ಹಿಡಿದು ನಿಂತಳು. ಮೇಲೆ ಹತ್ತಿ, ಟವೆಲ್ಲು ಸುತ್ತಿಕೊಂಡು ಒಳಗೆ ಓಡಿದಳು. ಓರ್ವಾರ್ ಏನೂ ಕೇಳಲಿಲ್ಲ, ಉಳಿದವರ ಕಡೆ ತಿರುಗಿ ಸೀಟಿ ಊದಿದ. ಒಬ್ಬ ಹುಡುಗ ಏನೋ ಹೇಳಿ ನಕ್ಕ. ಪಕ್ಕದ ಹುಡುಗಿ ಅವನ ಮುಖಕ್ಕೆ ನೀರು ಎರಚಿದಳು. ಒಳಗಿನ ಬಾಗಿಲು ಮುಚ್ಚಿಯೇ ಇತ್ತು.

ಮುಗಿಯಿತು, ಇನ್ನು ಬರಲ್ಲ ಎಂದು ಕೊಲ್ಬೇನ್ ಅಂದುಕೊಂಡ.

ಬಾಗಿಲು ತೆರೆಯಿತು. ತಿನ್ನಾ ನಡೆದು ಬಂದಳು. ಯಾರ ಕಡೆಯೂ ನೋಡದೆ ನೀರಿಗಿಳಿದಳು. ಓರ್ವಾರ್ ಮೊದಲಿನಿಂದ ಹೊರಡಲು ಸನ್ನೆ ಮಾಡಿದ. ಅವಳು ಹೊರಟಳು. ಕೊನೆಯ ಗೋಡೆಗೆ ಕೈ ತಾಗಿಸಿ ತಲೆಯೆತ್ತಿದಾಗ ಓರ್ವಾರ್ ಹೆಬ್ಬೆರಳು ಎತ್ತಿದ್ದ.

ಹೊರಗೆ ಬಂದವಳ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಏನೂ ಆಗಿರಲಿಲ್ಲ ಅಪ್ಪಾ. ಸುಮ್ನೆ ಹೆದರಿಕೆಯಾಗಿ ನೋಡೋಕೆ ಹೋಗಿದ್ದೆ," ಎಂದಳು. ಆಮೇಲೆ ಕೇಳಿದಳು: "ದೋಣಿಗೆ ಎಷ್ಟು ಹೊತ್ತಿಗೆ ಏಳಬೇಕು?"

"ನಾಲ್ಕಕ್ಕೆ," ಎಂದು ಕೊಲ್ಬೇನ್ ತನ್ನ ಟೋಪಿಯನ್ನು ಅವಳ ಒದ್ದೆ ತಲೆಗೆ ಹಾಕಿದ.

ಇದನ್ನು ಓದುತ್ತಿರುವ ಅಪ್ಪ, ಅಮ್ಮ, ಅಜ್ಜಿಯರೇ, ಗುರುಗಳೇ, ನಿಮ್ಮೂರಿನಲ್ಲಿ ಕೆರೆ ಇರಬಹುದು, ಹೊಳೆ ಇರಬಹುದು, ಶಾಲೆಗೊಂದು ಈಜುಕೊಳ ಇರಬಹುದು. ಹುಡುಗಿಯೊಬ್ಬಳು ಕಾರಣ ಹೇಳದೆ ನೀರಿನಿಂದ ಹಿಂದೆ ಸರಿದರೆ ಊರನ್ನು ಕೇಳಬೇಡಿ, ಅವಳನ್ನೇ ಕೇಳಿ. ಮುಟ್ಟು ರೋಗವಲ್ಲ, ಗುಟ್ಟಾಗಿ ಹೊರುವ ಹೊರೆಯೂ ಅಲ್ಲ. ಅವಳಿಗೆ ಬೇಕಾದ ಬಟ್ಟೆ, ಬಾಗಿಲಿರುವ ಒಂದು ಮರೆ, ಕೇಳದೆ ಎದ್ದುಹೋಗುವ ಅನುಮತಿ, ಇಷ್ಟನ್ನು ಇವತ್ತೇ ಒದಗಿಸಿ. ಇಳಿಯುವುದೋ ಬಿಡುವುದೋ ಅವಳು ಹೇಳಲಿ. ಹೆದರಿಕೆಗೆ ಮಾತ್ರ ಆ ತೀರ್ಮಾನ ಬಿಡಬೇಡಿ.