ನಡೆದವರ ಕಾಲಂ

"ಇಳಿಸ್ರಪ್ಪ, ಅಣ್ಣ ಜಾರ್ತಾ ಅವ್ನೆ" ಎಂದು ಚಿಕ್ಕಪ್ಪ ನಟರಾಜ್ ಕೂಗಿದಾಗ ಟ್ರ್ಯಾಕ್ಟರಿನ ಹಿಂದಿನ ಚಕ್ರ ಗುಂಡಿಯಲ್ಲಿ ಹೂತುಹೋಗಿತ್ತು. ಚಟ್ಟ ಇಟ್ಟಿದ್ದ ಟ್ರೇಲರ್ ಒಂದು ಕಡೆಗೆ ವಾಲಿತ್ತು. ಧನುಶ್ರೀ ಓಡಿಬಂದು ಅಪ್ಪನ ತಲೆ ಹಿಡಿದುಕೊಂಡಳು.

ನಿನ್ನೆ ತೀರಿಕೊಂಡ ಅವಳಪ್ಪ ದ್ಯಾವಯ್ಯ ಮೂವತ್ತೊಂದು ವರ್ಷ ಲೋಕೋಪಯೋಗಿ ಇಲಾಖೆಯ ಗ್ಯಾಂಗ್‌ಮನ್ ಆಗಿ ಅರಸೀಕೆರೆ ಪೇಟೆಯ ರಸ್ತೆಗಳಿಗೆ ಟಾರು ಸುರಿದವನು. ಅವನ ಊರಿನಿಂದ ಸ್ಮಶಾನಕ್ಕೆ ನೆಟ್ಟಗಿನ ಒಂದು ಮೈಲಿ ದಾರಿ ಇರಲಿಲ್ಲ. ಪೇಟೆಯಲ್ಲಿ ಗುಂಡಿ ಬಿದ್ದರೆ ಸಾಹೇಬರ ಕಾರು ಕುಲುಕುತ್ತದೆ. ಹಳ್ಳಿಯಲ್ಲಿ ಯಾರ ನಡು ಮುರಿದರೂ ಫೈಲು ಕುಲುಕುವುದಿಲ್ಲ.

"ನೋಡವ್ವ ಇಂಜಿನಿಯರಮ್ಮ" ಎಂದ ನಟರಾಜ್, ಚಟ್ಟಕ್ಕೆ ಹೆಗಲು ಕೊಡುತ್ತ. "ಹೋದ ವರ್ಷ ಹಾಕಿದ ಟಾರಿನ ಮ್ಯಾಲೇ ಈ ವರ್ಷನೂ ಹಾಕ್ತಾವ್ರೆ ಪೇಟೇಲಿ. ನಿಮ್ಮಾಫೀಸ್ನೋರಿಗೆ ಇದು ಕಾಣಾಕಿಲ್ವಾ?"

ಧನುಶ್ರೀ ಜಾರಿದ ಹೊದಿಕೆಯನ್ನು ಎಳೆದು ಸರಿಮಾಡಿದಳು. ಈ ವರ್ಷದ ರಸ್ತೆ ರಿಪೇರಿಯ ಪಟ್ಟಿ ತಯಾರಿಸಿದವಳೇ ಅವಳು.

*

ಆರು ತಿಂಗಳ ಹಿಂದೆ ಊಟಕ್ಕೆ ಕೂತಾಗ ಅಪ್ಪ ಕೇಳಿದ್ದ: "ನಮ್ಮೂರ ರಸ್ತೆ ಪಟ್ಟೀಲಿ ಯಾಕಿಲ್ಲ ಮಗ?"

"ಗಾಡಿ ಜಾಸ್ತಿ ಓಡಾಡೋ ರಸ್ತೆಗೆ ದುಡ್ಡು ಮೊದಲು ಅಪ್ಪ. ನಮ್ಮೂರ ಎಣಿಕೆ ದಿನಕ್ಕೆ ಹನ್ನೊಂದೇ."

"ಗುಂಡಿ ಬಿದ್ದಿದ್ಕೇ ಅಲ್ವಾ ಬಸ್ಸು ನಿಂತಿದ್ದು? ನಿಂತ ಮ್ಯಾಲೆ ಬಸ್ ಎಣಿಸ್ತೀರಾ? ಜನ ನಡ್ಕೊಂಡು ಹೋಯ್ತಾರಲ್ಲ, ಅವ್ರನ್ನ ಎಲ್ಲಿ ಬರೀತೀರ?"

"ಫಾರಂನಲ್ಲಿ ನಡೆಯೋರಿಗೆ ಜಾಗ ಇಲ್ಲ. ಅದು ರೂಲ್ಸು, ನಾನೇನು ಮಾಡ್ಲಿ?"

ಅಪ್ಪ ಕೈತೊಳೆದು ಎದ್ದ. ಮತ್ತೆ ಆ ಮಾತೆತ್ತಲಿಲ್ಲ. ಊರ ರಸ್ತೆಯ ಗಾಡಿಗಳ ಮರು ಎಣಿಕೆಗೆ ತಾನೇ ಅರ್ಜಿ ಹಾಕಿ, ಮಂಡಿನೋವಿನಲ್ಲೂ ಆಫೀಸಿಗೆ ಹತ್ತು ಸಲ ಅಲೆದ. ಅವಳ ಮೇಜಿನ ಹತ್ತಿರ ಮಾತ್ರ ಸುಳಿಯಲಿಲ್ಲ. ಪಟ್ಟಿಯ ಕೆಳಗೆ ನಡೆಯುವವರ ಬಗ್ಗೆ ಎರಡು ಸಾಲು ಷರಾ ಬರೆಯಲು ಅವಳಿಗೆ ಯಾರೂ ಅಡ್ಡ ಬಂದಿರಲಿಲ್ಲ. ಅವಳೇ ಬರೆದಿರಲಿಲ್ಲ.

*

ಆ ಮರು ಎಣಿಕೆಯ ಕಡೆಯ ದಿನ ಇವತ್ತೇ. ಅದೇ ರಸ್ತೆಯ ಹುಣಸೆಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದ ಎಣಿಕೆಯ ಇಂದ್ರೇಶ್, ದೂರದಲ್ಲಿ ಚಟ್ಟ ಕಂಡು ಎದ್ದು ನಿಂತ. ಅದರ ಹಿಂದೆ ಇಡೀ ಊರೇ ನಡೆದು ಬರುತ್ತಿತ್ತು.

ಧನುಶ್ರೀ ಮುಂದೆ ಬಂದು ಫಾರಂ ನೋಡಿದಳು. ಬಸ್ಸು, ಲಾರಿ, ಕಾರು, ಬೈಕು, ಬೆಳಗಿನಿಂದ ಎಲ್ಲ ಖಾಲಿ. ಸಾವಾಗಿದೆಯೆಂದು ಊರಿನ ಬೈಕುಗಳೂ ಹೊರಟಿರಲಿಲ್ಲ.

"ಇಷ್ಟು ಜನ ಬರ್ತಿದಾರೆ. ಬರೀರಿ."

"ಯಾವ ಕಾಲಂನಲ್ಲಿ ಮೇಡಂ? ಟ್ರ್ಯಾಕ್ಟರ್ ಇಲ್ಲಿಗೆ ಬಂದಿದ್ರೆ ಒಂದು ಅಂತ ಹಾಕ್ತಿದ್ದೆ. ಅದೂ ಅಲ್ಲೇ ಹೂತ್ಕೊಂಡೈತೆ."

ಅವಳ ಸಿಟ್ಟು ಅವನ ಮೇಲಲ್ಲ, ತನ್ನ ಮೇಲೆ. ಪೆನ್ನು ಕಿತ್ತುಕೊಂಡು, ಫಾರಂನ ಅಂಚಿನಲ್ಲಿ ಹೊಸ ಕಾಲಂ ಎಳೆದು, 'ನಡೆದವರು' ಎಂದು ಬರೆದು ಸಹಿ ಹಾಕಿದಳು.

"ರೂಲ್ಸಲ್ಲಿ ಇಲ್ಲ ಮೇಡಂ. ಸಾಹೇಬ್ರು ನಿಮ್ಮನ್ನ ಕೇಳ್ತಾರೆ."

"ಕೇಳಲಿ."

ಚಟ್ಟ ಮರದ ಮುಂದೆ ಬಂತು. ಹೊತ್ತ ನಾಲ್ವರಿಗೆ ನಾಲ್ಕು ನೆಟ್ಟನೆಯ ಗೆರೆ ಎಳೆದಳು. ಐದನೆಯದನ್ನು, ಎಣಿಕೆಯವರು ಎಳೆಯುವ ಹಾಗೆಯೇ, ಆ ನಾಲ್ಕರ ಮೇಲೆ ಅಡ್ಡಲಾಗಿ ಅಪ್ಪನಿಗೆಂದು ಎಳೆದಳು.