ಮೊಳೆಗೆ ಚುಚ್ಚಿದ ಚೀಟಿ

ಕಂಪ್ಯೂಟರಿನ ಫ್ಯಾನು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಪರದೆ ಮಾತ್ರ ಕಪ್ಪಗೆ ಕೂತಿತ್ತು. ಅಕ್ಕ ಮೂರು ಸಲ ಆರಿಸಿ ಹಾಕಿದಳು. ಆಮೇಲೆ ಪರದೆಯನ್ನು ಬಿಟ್ಟು ತಂಗಿಯ ಮುಖ ನೋಡತೊಡಗಿದಳು.

ಇಬ್ಬರೂ ಸೇರಿ ಹನ್ನೆರಡು ವರ್ಷದಿಂದ ನಡೆಸುತ್ತಿದ್ದ ಚಿಕ್ಕ ಪ್ರೆಸ್ಸು ಅದು. ಔಷಧಿ ಸೀಸೆಗಳಿಗೆ ಅಂಟಿಸುವ ಲೇಬಲ್ಲುಗಳೇ ಮುಖ್ಯ ಕೆಲಸ. ಎಷ್ಟು ಹನಿ ಎನ್ನುವ ಕಡೆ ಒಂದು ಸೊನ್ನೆ ಹೆಚ್ಚಾದರೆ ಯಾರದೋ ಜೀವಕ್ಕೆ ಕುತ್ತು. ಅದಕ್ಕೇ ಅಕ್ಕ ಮೊದಲ ದಿನವೇ ಒಂದು ಕಟ್ಟಳೆ ಮಾಡಿದ್ದಳು. ಕಂಪ್ಯೂಟರಿನಲ್ಲಿ ಯಾರು ಏನೇ ಬದಲಾಯಿಸಿದರೂ ಚೀಟಿ ಬರೆಯಬೇಕು: ಏನು ಬದಲಾಯಿತು, ಯಾರು ಮಾಡಿದರು, ಯಾಕೆ. ಬರೆದು ಗೋಡೆಯ ಮೊಳೆಗೆ ಚುಚ್ಚಬೇಕು. ಬೆಳಿಗ್ಗೆ ಮೊದಲು ಬಂದವರು ಅದನ್ನು ಓದಿಯೇ ಕೆಲಸಕ್ಕೆ ಕೂರಬೇಕು. “ಸೀನಿದ್ರೂ ಚೀಟಿ ಬರೀಬೇಕಾ?” ಎಂದು ತಂಗಿ ಮೊದಮೊದಲು ನಕ್ಕಿದ್ದಳು. ಈಗ ಇಬ್ಬರಿಗೂ ಅದು ಬಾಗಿಲು ಹಾಕಿ ಚಿಲಕ ಎಳೆಯುವಷ್ಟೇ ರೂಢಿ.

ಹದಿನೈದು ದಿನದಿಂದ ಪಕ್ಕದ ಬೀದಿಯ ದೊಡ್ಡ ಪ್ರೆಸ್ಸಿನವರು ತಂಗಿಗೆ ಫೋನು ಮಾಡುತ್ತಿದ್ದರು. ಫೋನು ಬಂದರೆ ಅವಳು ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಂದಿನಿಂದ ತಂಗಿ ಪೆನ್ಸಿಲ್ ಚೂಪು ಮಾಡಿದರೂ ಅದು ಯಾರ ಕೆಲಸಕ್ಕೆ ಎಂದು ಅಕ್ಕನಿಗೆ ಅನುಮಾನ. ಅವಳು ಹೋದರೆ ಅಂಗಡಿ ಒಂದು ತಿಂಗಳೂ ನಡೆಯದು. ಅಂಗಡಿಯ ಮಾತಿರಲಿ, ಮಧ್ಯಾಹ್ನ ಎದುರಿಗೆ ಕೂತು ಊಟ ಮಾಡಲು ಅಕ್ಕನಿಗೆ ಇನ್ನೊಂದು ಜೀವ ಇರಲಿಲ್ಲ. ಇಷ್ಟೆಲ್ಲ ಹೆದರಿದವಳು ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ. ನಿನ್ನೆ ಸಂಜೆ ತಂಗಿ ಮನೆಗೆ ಹೋದ ಮೇಲೆ, ತನಗೊಬ್ಬಳಿಗೇ ಗೊತ್ತಿರುವ ಪಾಸ್‌ವರ್ಡ್ ಹಾಕಿ ಕಂಪ್ಯೂಟರಿಗೆ ಬೀಗ ಜಡಿದಿದ್ದಳು.

ಇವತ್ತು ನೋಡಿದರೆ ಪಾಸ್‌ವರ್ಡ್ ಕೇಳಲೂ ಪರದೆ ಬೆಳಗುತ್ತಿಲ್ಲ. ಸಂಜೆಯೊಳಗೆ ಮಕ್ಕಳ ಕೆಮ್ಮಿನ ಔಷಧಿಯ ಲೇಬಲ್ಲು ಹೋಗಬೇಕು.

“ಬೆಳಿಗ್ಗೆ ನೀನೇ ಅಲ್ವಾ ಮೊದಲು ಬಂದಿದ್ದು?”

“ಹೌದು.”

“ಏನಾದ್ರೂ ಮುಟ್ಟಿದ್ಯಾ?”

“ಸ್ವಿಚ್ ಹಾಕ್ದೆ. ಬರ್ಲಿಲ್ಲ.” ತಂಗಿ ಅಷ್ಟೇ ಹೇಳಿದಳು. ಅರಳು ಹುರಿದ ಹಾಗೆ ಮಾತಾಡುವವಳು ಇವತ್ತು ಮಾತನ್ನು ಎಣಿಸಿ ಕೊಡುತ್ತಿದ್ದಾಳೆ. ಸರಿ, ಇವಳದೇ ಕೆಲಸ ಎಂದು ಅಕ್ಕ ತೀರ್ಮಾನಿಸಿದಳು.

ರಿಪೇರಿಯವನು ಬಂದ. ಯಾವ ಯಂತ್ರ ಬಿಚ್ಚಿದರೂ ಮೊದಲು ಬಾಯಲ್ಲಿ ಧೂಳು ಊದುತ್ತಿದ್ದುದರಿಂದ ಬೀದಿಗೆಲ್ಲ ಅವನು ಉಫ್ ಅಣ್ಣ. ಊದಿದ. ಪರದೆಯ ಕೇಬಲ್ ಬದಲಿಸಿ ನೋಡಿದ. ಒಳಗಿಂದ ಮೆಮೊರಿ ಪಟ್ಟಿ ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಕಿತ್ತದ್ದು ಅವನ ಚೀಲ ಸೇರೀತೆಂದು ಅಕ್ಕ ಅವನ ಕೈಯನ್ನೂ ಕಾಯುತ್ತಿದ್ದಳು. ಪರದೆ ಬೆಳಗಲಿಲ್ಲ.

“ಸೆಟ್ಟಿಂಗ್ಸ್‌ಗೆ ಯಾರಾದ್ರೂ ಕೈ ಹಾಕಿದ್ರಾ ಮೇಡಂ? ಪ್ರೊಸೆಸರ್ ಸ್ಪೀಡ್ ಜಾಸ್ತಿ ಮಾಡಿದ್ರೂ ಹಿಂಗೇ ಆಗುತ್ತೆ. ಶಕ್ತಿ ಮೀರಿ ಓಡು ಅಂದ್ರೆ, ಓಡೋದೇ ಇಲ್ಲ ಅಂತ ಕೂತ್ಬಿಡುತ್ತೆ.”

ಅಕ್ಕ ತಂಗಿಯನ್ನು ದುರುಗುಟ್ಟಿ ನೋಡಿದಳು. ತಾನು ಹಾಕಿದ್ದು ಬರೀ ಬೀಗ. ಬೀಗಕ್ಕೂ ಸ್ಪೀಡಿಗೂ ಎಲ್ಲಿಯ ಸಂಬಂಧ?

ಉಫ್ ಅಣ್ಣ ಕರೆಂಟಿನ ವೈರು ಕಿತ್ತು, ಬೋರ್ಡಿನಲ್ಲಿದ್ದ ನಾಣ್ಯದಂಥ ಬ್ಯಾಟರಿಯನ್ನು ಹೊರತೆಗೆದ. “ಹತ್ತು ನಿಮಿಷ ಬಿಡೋಣ. ನೆನಪಿಟ್ಟುಕೊಂಡಿರೋದನ್ನೆಲ್ಲ ಇದು ಮರೀಲಿ.”

“ಎಲ್ಲಾ ಮರೆಯುತ್ತಾ?” ಎಂದಳು ತಂಗಿ.

“ಟೈಮು, ತಾರೀಕು, ಪಾಸ್‌ವರ್ಡ್ ಇದ್ರೆ ಅದೂ. ನಿಮ್ಮ ಫೈಲುಗಳಿಗೇನೂ ಆಗಲ್ಲ ಬಿಡಿ.”

ಬೀಗದ ಸುಳಿವೂ ಉಳಿಯುವುದಿಲ್ಲ ಎಂದು ಅಕ್ಕನಿಗೆ ಒಳಗೊಳಗೇ ಸಮಾಧಾನವಾಯಿತು.

ಬ್ಯಾಟರಿ ಹಾಕಿ ಸ್ವಿಚ್ ಒತ್ತಿದಾಗ ಪರದೆ ಬೆಳಗಿತು. ತಾರೀಕು ಮಾತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಅದನ್ನು ಸರಿಪಡಿಸುತ್ತ ಉಫ್ ಅಣ್ಣ ಒಂದು ನೀಲಿ ಪುಟ ತೆರೆದು ತೋರಿಸಿದ. “ಇಲ್ಲಿ ನೋಡಿ, ಈ ನಂಬರ್ರು. ಪ್ಲಸ್ ಒತ್ತಿದ್ರೆ ಏರುತ್ತೆ.”

ಅಕ್ಕ ಬಗ್ಗಿ ನೋಡಿದಳು. ಅದೇ ಪುಟ. ನಿನ್ನೆ ಪಾಸ್‌ವರ್ಡ್ ಹಾಕುವ ಜಾಗ ಸಿಗದೆ ಇಲ್ಲೇ ದಾರಿ ತಪ್ಪಿ, ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತಿದ್ದಳು. ಒಂದು ನಂಬರು ಕೆಂಪಗಾದದ್ದೂ ನೆನಪಾಯಿತು. ಆ ಕ್ಷಣ ಯಾರಾದರೂ ಕುಂಬಳಕಾಯಿ ಕಳ್ಳ ಎಂದಿದ್ದರೆ ಹೆಗಲು ಮುಟ್ಟಿ ನೋಡಿಕೊಂಡೇ ಬಿಡುತ್ತಿದ್ದಳು.

“ಯಾರು ಮಾಡಿದ್ದು? ಇನ್ನೊಂದ್ಸಲ ಆಗಬಾರದಲ್ಲ, ಅದಕ್ಕೆ ಕೇಳಿದೆ,” ಎಂದ ಅವನು.

“ನಾನೇ,” ಎಂದಳು ತಂಗಿ. “ಸ್ಲೋ ಇತ್ತು, ಜಾಸ್ತಿ ಮಾಡೋಣ ಅಂತ.”

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕರಗುತ್ತಿದ್ದರು. ಅಕ್ಕನಿಗೆ ಮಾತ್ರ ಹೊಸ ಅನುಮಾನ ಹುಟ್ಟಿತು: ಮಾಡದ ತಪ್ಪನ್ನು ಇವಳು ಯಾಕೆ ಒಪ್ಪಿಕೊಂಡಳು?

ಉಫ್ ಅಣ್ಣ ಹೋದ. ತಂಗಿ ತಲೆ ಎತ್ತದೆ ಕೂತು ಸಂಜೆಯೊಳಗೆ ಲೇಬಲ್ಲುಗಳನ್ನು ಮುಗಿಸಿದಳು, ಹನಿಗಳ ಲೆಕ್ಕವನ್ನು ಎರಡು ಸಲ ಓದಿ ನೋಡಿದಳು. ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು ಅಕ್ಕನ ಮುಂದಿಟ್ಟಳು.

“ಬೆಳಿಗ್ಗೆ ಮೊಳೆಯಲ್ಲಿತ್ತು.”

ಅಕ್ಷರ ಅಕ್ಕನದೇ. ‘ಏನು: ಕಂಪ್ಯೂಟರಿಗೆ ಹೊಸ ಪಾಸ್‌ವರ್ಡ್. ಯಾರು: ಅಕ್ಕ. ಯಾಕೆ: ತಂಗಿಯ ಮೇಲೆ ನಂಬಿಕೆ ಇಲ್ಲ.’

ಗುಟ್ಟಾಗಿ ಬೀಗ ಹಾಕಿದ ಮಹಾತಾಯಿ, ಹನ್ನೆರಡು ವರ್ಷದ ರೂಢಿಯಂತೆ ಅದಕ್ಕೂ ಚೀಟಿ ಬರೆದು, ಮೊಳೆಗೆ ಚುಚ್ಚಿ ಮನೆಗೆ ಹೋಗಿದ್ದಳು.

“ಮತ್ತೆ... ಅವನ ಮುಂದೆ ನೀನ್ಯಾಕೆ ನಾನೇ ಅಂದೆ?”

“ಹೊರಗಿನವರ ಮುಂದೆ ನಿನ್ನ ಮರ್ಯಾದೆ ಯಾಕೆ ಕಳೀಲಿ ಅಕ್ಕಾ?”

ತಪ್ಪಾಯಿತು ಎನ್ನಬೇಕಿತ್ತು. ಅಕ್ಕನ ಬಾಯಿಂದ ಬಂದದ್ದು, “ಹಾಗಾದ್ರೆ ಆ ಪ್ರೆಸ್ಸಿನವರ ಫೋನು?”

ತಂಗಿ ಕಂಪ್ಯೂಟರ್ ಆರಿಸಿದಳು. “ಕೆಲಸಕ್ಕೆ ಕರೀತಿದ್ರು. ಅಕ್ಕ ಒಬ್ಬಳೇ ಆಗ್ತಾಳೆ, ಬರಲ್ಲ ಅಂತ ಮೊನ್ನೆ ಹೇಳ್ಬಿಟ್ಟೆ.”

ಅವಳು ಒಂದು ಚೀಟಿ ಬರೆದು ಮೊಳೆಗೆ ಚುಚ್ಚಿದಳು. ತನ್ನ ಪಾಲಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟಳು. ಅಕ್ಕ ಮೊಳೆಯ ಕಡೆ ನೋಡದೆ ದೀಪ ಆರಿಸಿದಳು.

ಮರುದಿನ ಬೆಳಿಗ್ಗೆ ಮೊದಲು ಬಂದವಳು ಅಕ್ಕನೇ. ಕಟ್ಟಳೆ ಅವಳೇ ಮಾಡಿದ್ದು, ಓದದೆ ಕೂರುವ ಹಾಗಿರಲಿಲ್ಲ.

‘ಏನು: ನಾಳೆಯಿಂದ ಪಕ್ಕದ ಬೀದಿಯಲ್ಲಿ ಕೆಲಸ. ಯಾರು: ತಂಗಿ. ಯಾಕೆ: ಹಿಂದಿನ ಚೀಟಿ ನೋಡಿ.’