ಹೆಣಕ್ಕೊಂದು ಟ್ಯಾಂಕರ್

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮನಿಲಾದ ನಮ್ಮ ಕಾಲುವೆದಂಡೆಯಲ್ಲಿ ಒಂದೇ ಸುಳ್ಳು ಹೇಳಿ ಒಂದು ಸಾವು ಮಾಡಿದೆವು. ಈ ಕಥೆ ಮಾತ್ರ ಅಪ್ಪಟ ನಿಜ.

"ನೀರು ಕೇಳಕ್ಕೆ ಬಂದ್ಯಾ? ಮೊದ್ಲು ಮಕ ತೊಳ್ಕೊಂಡು ಬಾರೇ, ಥೂ, ನಾತ!" ಎಂದಿದ್ದ ಕೌನ್ಸಿಲರ್ ತಿಬುರ್ಸಿಯೊ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. ಇಸ್ಕಾ ಅಜ್ಜಿ ಖಾಲಿ ಬಕೆಟ್ ಹಿಡಿದು ವಾಪಸು ಬಂದಳು. ಅವನ ಕಚೇರಿಯ ಮುಂದೆ 'ಘನತೆಯ ನಗರ' ಎಂಬ ಫಲಕವಿದೆ. ಅದನ್ನು ದಿನಾ ಪೈಪು ಹಿಡಿದು ತೊಳೆಯುತ್ತಾರೆ.

"ಬದುಕಿರೋರ ಹತ್ರ ಈ ನನ್ಮಗ ಸುಳಿಯಲ್ಲ ಕಣ್ರವ್ವಾ," ಎಂದಳು ಅಜ್ಜಿ. "ಸತ್ತೋರ ಮನೆ ಅಂದ್ರೆ ನೊಣಕ್ಕಿಂತ ಮೊದ್ಲು ಹಾಜರ್."

ನಿಜವೇ. ನಮ್ಮಲ್ಲಿ ಹೆಣವನ್ನು ದಿನಗಟ್ಟಲೆ ಇಟ್ಟು ಕಾಯುತ್ತೇವೆ. ಕಾಯುವವರಿಗೆ ಕಾಫಿ ಕಾಯಿಸಬೇಕಲ್ಲ? ಕೌನ್ಸಿಲರ್ ಮುಖವಿರುವ ಶಾಮಿಯಾನ, ಕೌನ್ಸಿಲರ್ ಹೆಸರು ಬರೆದ ಕುರ್ಚಿ, ಹಿಂದೆಯೇ ನೀರಿನ ಟ್ಯಾಂಕರ್, ಎಲ್ಲವೂ ಬರುತ್ತವೆ. ಹೆಣದ ಹಿಂದೆ ಎಷ್ಟು ಓಟು ಅಳುತ್ತಿವೆ ಎಂಬ ಲೆಕ್ಕ ಅವನಿಗೆ ಗೊತ್ತು.

ಬಡಗಿ ದೋದೊಂಗ್ ಮಾರದೆ ಉಳಿದಿದ್ದ ಶವಪೆಟ್ಟಿಗೆಯೊಂದನ್ನು ಎರವಲು ಕೊಟ್ಟ. ಅಜ್ಜಿ ಮುಖಕ್ಕೆ ಅಕ್ಕಿಹಿಟ್ಟು ಬಳಿದುಕೊಂಡು ಮಲಗಿದಳು. "ಬೇಗ ಕರೀರೋ, ಬೆನ್ನು ತುರೀತದೆ." ಕೌನ್ಸಿಲರ್ ಕಚೇರಿಗೆ ಫೋನು ಮಾಡಿ ಅತ್ತವನು ನಾನು, ಮೂರು ಹೆಂಗಸರ ದನಿಯಲ್ಲಿ.

ಶಾಮಿಯಾನ, ಕುರ್ಚಿಗಳ ಹಿಂದೆಯೇ ಟ್ಯಾಂಕರ್ ಓಣಿಯೊಳಗೆ ನುಗ್ಗಿ ಕಾಲುವೆಯ ಅಂಚಿಗೆ ಬಂದು ನಿಂತಿತು. ಕ್ಯಾಮರಾದವನ ಜೊತೆ ಕೌನ್ಸಿಲರ್ ಇಳಿದ. "ಈ ತಾಯಿಗೆ ಕೊನೆಯುಸಿರಿನ ತನಕ ನೀರು, ನೆರಳು, ಮರ್ಯಾದೆ, ಯಾವುದಕ್ಕೂ ನಾವು ಕಡಿಮೆ ಮಾಡಲಿಲ್ಲ..." ಎಂದು ಗದ್ಗದಿತನಾದ.

"ಯಾವ ನಲ್ಲೀಲೋ, ಬೋಳಿಮಗನೆ?" ಎಂದಿತು ಹೆಣ.

ಕೌನ್ಸಿಲರ್ ಹೂಮಾಲೆ ಸಮೇತ ಹಿಂದಕ್ಕೆ ಉರುಳಿದ. ಅವನದೇ ಹೆಸರಿನ ಕುರ್ಚಿ ಅವನ ಭಾರಕ್ಕೇ ಮುರಿಯಿತು. ಅಜ್ಜಿ ಬೆಳ್ಳಗೆ ಎದ್ದು ಕೂತಳು. "ಮಕ ತೊಳ್ಕೊಂಡು ಬಾ ಅಂದಿದ್ಯಲ್ಲ. ನೀರು ಬಿಡು, ತೊಳ್ಕೊತೀನಿ."

ಓಣಿಗೆ ಓಣಿಯೇ ನಕ್ಕಿತು. ಫೋನುಗಳೆಲ್ಲ ತನ್ನತ್ತ ತಿರುಗಿರುವುದನ್ನು ಕಂಡ ಕೌನ್ಸಿಲರ್ ಎಲ್ಲರಿಗಿಂತ ಜೋರಾಗಿ ನಗತೊಡಗಿದ. "ಹಹ್ಹಾ! ಭಾರೀ ತಮಾಷೆ ಅಜ್ಜಿ!" ನಗುತ್ತಲೇ, ಬೆನ್ನ ಹಿಂದಿನಿಂದ, ಟ್ಯಾಂಕರ್ ವಾಪಸು ಒಯ್ಯುವಂತೆ ಚಾಲಕನಿಗೆ ಕೈಸನ್ನೆ ಮಾಡಿದ.

ಮುಂದೆ ಕಾಲುವೆ; ಹಿಂದಕ್ಕೆ ಹೊರಡಲು ಲಾರಿ ಗುರ್ರೆಂದಿತು. ಅಷ್ಟರಲ್ಲಿ ಹೆಂಗಸರು ಪೆಟ್ಟಿಗೆಯನ್ನು ಅಜ್ಜಿ ಸಮೇತ ಎತ್ತಿ ಹಿಂದಿನ ಚಕ್ರಕ್ಕೆ ತಾಗಿಸಿ ಇಟ್ಟರು. ಅಜ್ಜಿ ಮತ್ತೆ ಕಾಲುಚಾಚಿ ಮಲಗಿದಳು.

"ಈಗ ಹೋಗ್ರಲೇ. ಈ ಸಲ ನಿಜ್ವಾದ ಹೆಣಾನೇ ಸಿಗ್ತದೆ."

ಯಾರೋ ಟ್ಯಾಂಕರಿನ ನಲ್ಲಿ ತಿರುಗಿಸಿದರು. ಬಕೆಟ್ಟುಗಳು ಒಂದರ ಹಿಂದೊಂದು ಬಂದವು. ನೀರು ಸುರಿಯುವ ಸದ್ದನ್ನೂ ಮೀರಿ ಕೌನ್ಸಿಲರ್ ನಗುತ್ತಲೇ ಇದ್ದ. ಫೋನುಗಳಿನ್ನೂ ಕೆಳಗಿಳಿದಿರಲಿಲ್ಲ.